ಆರು ಸಾವಿರದೊಳಗೆ ಮನೆಯ ಕಬ್ಬಿಣದ ಕೆಲಸ: ಗ್ರೈಂಡರ್ ಮೊದಲು, ಸ್ಯಾಂಡರ್ ಆಮೇಲೆ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಕೊಟ್ಟಿಗೆಯ ಪಕ್ಕದ ಸೌದೆ ಮನೆಯನ್ನು ತೆರವು ಮಾಡಿ ಕಬ್ಬಿಣದ ಕೆಲಸ ಶುರು ಮಾಡಿದಾಗ ನಾನು ಖರ್ಚು ಮಾಡಿದ್ದು 5,840 ರೂಪಾಯಿ. ಅದರಲ್ಲಿ ಕಬ್ಬಿಣ ಕತ್ತರಿಸಿ ಉಜ್ಜುವ ನಾಲ್ಕು ಇಂಚಿನ ಗ್ರೈಂಡರಿಗೆ ಹೋದದ್ದು 2,450 ಮಾತ್ರ. ಉಳಿದ ಹಣದಲ್ಲಿ ಕಬ್ಬಿಣವನ್ನು ಕಚ್ಚಿ ಹಿಡಿಯುವ ನಾಲ್ಕು ಇಂಚಿನ ವೈಸ್ 1,100, ಸ್ವಿಚ್ ಬೋರ್ಡ್ ಮತ್ತು ವೈರ್ 700, ಡಿಸ್ಕುಗಳು 760, ಕಣ್ಣು, ಮುಖ, ಕಿವಿ, ಕೈಗಳ ರಕ್ಷಣೆಗೆ 770, ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್ ಒಂದು ಜೊತೆ 60. ಹೊಸಬರು ಯಂತ್ರದ ಬೆಲೆಯನ್ನಷ್ಟೇ ವಿಚಾರಿಸಿಕೊಂಡು ಪೇಟೆಗೆ ಹೋಗುತ್ತಾರೆ. ಯಂತ್ರ ಖರ್ಚಿನ ಅರ್ಧಕ್ಕಿಂತ ಕಡಿಮೆ. ಉಳಿದರ್ಧಕ್ಕೆ ಹಣ ಇಟ್ಟುಕೊಳ್ಳದೆ ಹೋದರೆ ಗ್ರೈಂಡರ್ ಮನೆಗೆ ಬರುತ್ತದೆ, ಕನ್ನಡಕ ಬರುವುದಿಲ್ಲ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಗೆ ಎರಡು ಎಕರೆ ಅಡಿಕೆ ತೋಟವಿದೆ. ಅಡಿಕೆ ಸುಲಿಯುವ ಕಾಲಕ್ಕೆ ಮೆಟ್ಟುಗತ್ತಿಗಳನ್ನು ಹರಿತ ಮಾಡಿಕೊಡುತ್ತಿದ್ದ ನಮ್ಮೂರಿನ ಆಚಾರರು ತೀರಿಕೊಂಡ ಮೇಲೆ ಅವರ ಕುಲುಮೆ ಹೊತ್ತಲೇ ಇಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹದಿನೈದು ಜನ ಸುಲಿಯಲು ಕೂತಾಗ ಕತ್ತಿಯ ಬಾಯಿ ಮೊಂಡಾದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅದರ ಮೇಲೆ ತೋಟದ ದಾರಿಯ ಉಣುಗೋಲು ಗೆದ್ದಲು ಹಿಡಿದು ಬಿದ್ದಿತ್ತು, ಅಲ್ಲಿಗೊಂದು ಕಬ್ಬಿಣದ ಗೇಟ್ ಬೇಕಿತ್ತು. ಈ ಎರಡು ಕೆಲಸಗಳನ್ನು ಹಿಡಿದುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವೆಲ್ಡಿಂಗ್ ನನಗೆ ಬರುವುದಿಲ್ಲ. ಕತ್ತರಿಸುವುದು, ಅಂಚು ಸವರುವುದು, ತುಕ್ಕು ತೆಗೆಯುವುದು, ಸಾಣೆ ಹಿಡಿಯುವುದು, ಬಣ್ಣಕ್ಕೆ ಸಿದ್ಧಪಡಿಸುವುದು ಮನೆಯಲ್ಲಿ. ಬೆಸುಗೆ ಮಾತ್ರ ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ. ಹೀಗೆ ಹಂಚಿಕೊಂಡರೆ ಗೇಟಿನ ಕೂಲಿ ಬಹಳಷ್ಟು ಉಳಿಯುತ್ತದೆ.

ಗ್ರೈಂಡರ್ ಎಂದು ಹೇಳಿದರೆ ನಮ್ಮ ಕಡೆ ಹಿಟ್ಟು ರುಬ್ಬುವುದನ್ನೇ ತೋರಿಸುವ ಅಂಗಡಿಗಳೂ ಇವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ನಾಲ್ಕು ಇಂಚಿನ ಹ್ಯಾಂಡ್ ಗ್ರೈಂಡರ್’ ಅಥವಾ ‘ಎ.ಜಿ. ಫೋರ್’ ಎನ್ನಿ, ಎ.ಜಿ. ಎಂದರೆ ಆ್ಯಂಗಲ್ ಗ್ರೈಂಡರ್. ನೂರು ಮಿಲಿಮೀಟರ್ ಡಿಸ್ಕು, 600ರಿಂದ 850 ವ್ಯಾಟ್, ನಿಮಿಷಕ್ಕೆ ಸುಮಾರು 11,000 ಸುತ್ತು. ನನ್ನದು 670 ವ್ಯಾಟ್‌ನದು. ಮೂರು ವರ್ಷದಿಂದ ಅದಕ್ಕಿಂತ ಹೆಚ್ಚಿನದು ಬೇಕೆನಿಸಿಲ್ಲ. ಐದು ಇಂಚಿನದು ಬೇಡ, ಏಳು ಇಂಚಿನದಂತೂ ಹೊಸ ಕೈಗೆ ಬೇಡವೇ ಬೇಡ. ನಾಲ್ಕು ಇಂಚಿನದಕ್ಕೆ ಡಿಸ್ಕುಗಳು ರಿಪ್ಪನ್‌ಪೇಟೆ, ಕೋಣಂದೂರಿನಂಥ ಸಣ್ಣ ಪೇಟೆಯಲ್ಲೂ ಸಿಗುತ್ತವೆ, ಅಗ್ಗವಾಗಿಯೂ ಸಿಗುತ್ತವೆ.

ಯಾವ ಕಂಪನಿಯದು ಎಂದು ಎಲ್ಲರೂ ಕೇಳುತ್ತಾರೆ. ಬಾಷ್, ಮಕಿಟಾ, ಡಿವಾಲ್ಟ್ ಮುಂತಾದವು ಸರಿಯೇ, ಆದರೆ ನನ್ನ ಪರೀಕ್ಷೆ ಬೇರೆ. ಶಿವಮೊಗ್ಗದ ಗಾಂಧಿ ಬಜಾರು ಮತ್ತು ಬಿ.ಎಚ್. ರಸ್ತೆಯ ಅಂಗಡಿಗಳನ್ನು ಸುತ್ತುವಾಗ ಪ್ರತಿ ಕಡೆಯೂ ಒಂದೇ ಮಾತು ಕೇಳಿದೆ: ‘ಅಣ್ಣಾ, ಈ ಮಾಡೆಲಿನ ಕಾರ್ಬನ್ ಒಂದು ಜೊತೆ ಈಗಲೇ ಕೊಡಿ.’ ಎರಡು ಅಂಗಡಿಯಲ್ಲಿ ‘ತರಿಸಿಕೊಡೋಣ ಮೇಡಂ’ ಎಂದರು. ಮೂರನೆಯವರು ಮಾತನಾಡದೆ ಡ್ರಾಯರ್ ಎಳೆದು ಸಣ್ಣ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಯಂತ್ರವನ್ನು ಅಲ್ಲೇ ಕೊಂಡೆ, ಕಾರ್ಬನ್ನನ್ನೂ ಕೊಂಡೆ. ಈ ಯಂತ್ರಗಳಲ್ಲಿ ಮೊದಲು ಸವೆಯುವುದು ಕಾರ್ಬನ್ ಬ್ರಷ್. ಅದು ಸಿಗದ ಯಂತ್ರ ಎಷ್ಟು ಅಗ್ಗವಾಗಿದ್ದರೂ ಮೊದಲ ಸವೆತಕ್ಕೇ ಗುಜರಿಗೆ ಹೋಗುತ್ತದೆ. ಆನ್‌ಲೈನ್‌ನಲ್ಲಿ 1,200 ರೂಪಾಯಿಗೆ ಕಾಣುವ ಹೆಸರಿಲ್ಲದ ಯಂತ್ರಗಳನ್ನು ನಾನು ಬಿಟ್ಟದ್ದು ಇದೇ ಕಾರಣಕ್ಕೆ. ಅರವತ್ತು ಕಿಲೋಮೀಟರ್ ದೂರದ ಶಿವಮೊಗ್ಗದಲ್ಲೂ ಬಿಡಿಭಾಗ ಸಿಗದಿದ್ದರೆ ನಮ್ಮಂಥವರು ಎಲ್ಲಿ ಹುಡುಕುವುದು?

ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿಸಿ. ರಕ್ಷಾಕವಚ, ಪಕ್ಕದ ಹಿಡಿಕೆ, ನಟ್ಟು ಬಿಚ್ಚುವ ಸ್ಪ್ಯಾನರ್ ಮೂರೂ ಇರಬೇಕು. ಡಿಸ್ಕಿಲ್ಲದೆ ಎರಡು ನಿಮಿಷ ಓಡಿಸಿ ಶಬ್ದ ಕೇಳಿ. ಸ್ವಿಚ್ಚಿನ ಬಗೆಯನ್ನು ತಪ್ಪದೆ ನೋಡಿ. ಅಗ್ಗದ ಯಂತ್ರಗಳಲ್ಲಿ ಮುಂದಕ್ಕೆ ತಳ್ಳಿದರೆ ಅಲ್ಲೇ ನಿಲ್ಲುವ ಸ್ವಿಚ್ ಇರುತ್ತದೆ. ಮಲೆನಾಡಿನಲ್ಲಿ ಕೆಲಸದ ನಡುವೆ ಕರೆಂಟು ಹೋಗುವುದು ದಿನದ ಮಾತು. ಕರೆಂಟು ಹೋಯಿತೆಂದು ಯಂತ್ರವನ್ನು ಹಾಗೇ ಮೇಜಿನ ಮೇಲಿಟ್ಟು ಒಳಗೆ ಕಾಫಿಗೆ ಹೋದರೆ, ಕರೆಂಟು ಬಂದ ಕ್ಷಣ ಅದು ತಾನಾಗಿ ತಿರುಗಲು ಶುರು ಮಾಡಿ ಮೇಜಿನಿಂದ ಹಾರುತ್ತದೆ. ಒತ್ತಿ ಹಿಡಿದರೆ ಮಾತ್ರ ಓಡುವ ಸ್ವಿಚ್ ಸಿಕ್ಕರೆ ಇನ್ನೂರು ಮುನ್ನೂರು ಹೆಚ್ಚಾದರೂ ಅದನ್ನೇ ಕೊಳ್ಳಿ. ಸಿಗದಿದ್ದರೆ, ಕರೆಂಟು ಹೋದ ಕೂಡಲೇ ಪ್ಲಗ್ ಕಿತ್ತಿಡುವುದನ್ನು ರೂಢಿ ಮಾಡಿಕೊಳ್ಳಿ.

ಇನ್ನು ಡಿಸ್ಕುಗಳು. ಹಣ ಉಳಿಸಲು ಹೋಗಿ ಅಪಾಯ ತಂದುಕೊಳ್ಳುವುದು ಇಲ್ಲೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾಲ್ಕು ಇಂಚಿನ ಡಿಸ್ಕು ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿರುತ್ತದೆ. ಹತ್ತನೇ ತರಗತಿಯ ಮಕ್ಕಳಿಂದಲೇ ಈ ಲೆಕ್ಕ ಮಾಡಿಸಿದ್ದೇನೆ. ಡಿಸ್ಕಿನ ಮೇಲೆ ಅದು ತಾಳುವ ಗರಿಷ್ಠ ವೇಗವನ್ನು ಅಚ್ಚು ಹಾಕಿರುತ್ತಾರೆ. ನೂರು ಮಿಲಿಮೀಟರಿನದಕ್ಕೆ ಸಾಮಾನ್ಯವಾಗಿ 15,300. ಈ ಅಂಕಿ ನಿಮ್ಮ ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು. ಅಂಕಿಯೇ ಇಲ್ಲದ ಡಿಸ್ಕನ್ನು ಮುಟ್ಟಬೇಡಿ. ನಡುವಿನ ಲೋಹದ ಉಂಗುರವನ್ನು ನೋಡಿ, ತಿಂಗಳು ಮತ್ತು ವರ್ಷ ಕೊರೆದಿರುತ್ತದೆ. ಅದು ಬಳಕೆಯ ಕೊನೆಯ ದಿನಾಂಕ, ತಯಾರಾದ ದಿನದಿಂದ ಮೂರು ವರ್ಷ. ಔಷಧಿಗೆ ಇರುವ ಹಾಗೆ ಡಿಸ್ಕಿಗೂ ಅವಧಿ ಇದೆ, ಏಕೆಂದರೆ ಅದರ ಉಜ್ಜುವ ಪುಡಿಯನ್ನು ಹಿಡಿದಿಟ್ಟಿರುವುದು ರಾಳ. ರಾಳ ತೇವ ಕುಡಿದರೆ ಬಲ ಕಳೆದುಕೊಳ್ಳುತ್ತದೆ.

ತೇವ ಎಂದರೆ ನಮ್ಮದೇ ಕಥೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷದವರೆಗೆ ಗೋಡೆಯೇ ಬೆವರುತ್ತದೆ, ಪೆಟ್ಟಿಗೆಯೊಳಗಿನ ಚಪ್ಪಲಿಗೆ ಬೂಸ್ಟು ಬರುತ್ತದೆ. ಅಂಥ ಮಳೆಗಾಲವನ್ನು ಅಂಗಡಿಯ ಮೊಳೆಗೆ ನೇತುಬಿದ್ದು ಕಳೆದ ಡಿಸ್ಕುಗಳ ಕಟ್ಟೊಂದನ್ನು ನಾನು ಅರ್ಧ ಬೆಲೆಗೆ ಕೊಂಡು ತಂದಿದ್ದೆ. ದಿನಾಂಕ ಇರಲಿಲ್ಲ. ಗೇಟಿಗೆ ಚೌಕ ಪೈಪು ಕತ್ತರಿಸುವಾಗ ಮೂರನೆಯ ಡಿಸ್ಕು ಗುಂಡು ಹೊಡೆದ ಹಾಗೆ ಸಿಡಿಯಿತು. ಮುಕ್ಕಾಲು ಪಾಲು ಕವಚಕ್ಕೆ ಬಡಿಯಿತು, ಒಂದು ಚೂರು ಮೊಣಕೈ ಕೆಳಗೆ ತೋಳನ್ನು ಸೀಳಿತು. ಮೂರು ಹೊಲಿಗೆ ಬಿದ್ದವು. ಕವಚ ನನ್ನ ಕಡೆಗೆ ತಿರುಗಿರದಿದ್ದರೆ ಆ ಮುಕ್ಕಾಲು ಪಾಲು ಎಲ್ಲಿಗೆ ಬರುತ್ತಿತ್ತೆಂದು ಈಗಲೂ ನೆನೆಯುತ್ತೇನೆ. ಪೇಟೆಯ ಎಷ್ಟೋ ಕಡೆ ಹುಡುಗರು ಕವಚ ತೆಗೆದುಹಾಕಿ ಕೆಲಸ ಮಾಡುವುದನ್ನು ಕಂಡಾಗ ನಿಂತು ಹೇಳಿಯೇ ಮುಂದೆ ಹೋಗುತ್ತೇನೆ.

ಈಗ ನನ್ನ ಡಿಸ್ಕುಗಳು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಮಟ್ಟಸವಾಗಿ ಮಲಗಿರುತ್ತವೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಒಂದು ಬಟ್ಟೆಚೀಲ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಗೆ ಬಳಸದ ಬಾಣಲೆಯಲ್ಲಿ ಮಾತ್ರ, ಕಿಟಕಿ ತೆರೆದಿಟ್ಟು. ಒಂದೇ ಸಲ ಐವತ್ತು ಡಿಸ್ಕು ಕೊಂಡರೆ ಅಗ್ಗ ಎಂದು ಅಂಗಡಿಯವರು ಹೇಳುತ್ತಾರೆ. ನಾನು ಹತ್ತೇ ಕೊಳ್ಳುತ್ತೇನೆ, ಮಳೆಗಾಲಕ್ಕೆ ಮುಂಚೆ ಸಂಗ್ರಹ ಮಾಡುವುದಿಲ್ಲ.

ಶುರುವಿಗೆ ಬೇಕಾದ ಡಿಸ್ಕುಗಳು ಮೂರು ಬಗೆ. ಕತ್ತರಿಸಲು ಒಂದು ಅಥವಾ 1.2 ಮಿಲಿಮೀಟರ್ ದಪ್ಪದ ಕಟಿಂಗ್ ವೀಲ್, ಹತ್ತು. ಬೆಸುಗೆಯ ಗಂಟು ಇಳಿಸಲು ಆರು ಮಿಲಿಮೀಟರ್ ದಪ್ಪದ ಗ್ರೈಂಡಿಂಗ್ ವೀಲ್, ಎರಡು. ನಯ ಮಾಡಲು ಫ್ಲಾಪ್ ಡಿಸ್ಕು, ಆರು. ಕ್ಯೂಮಿ, ನಾರ್ಟನ್‌ನಂಥ ಹೆಸರಿರುವುದನ್ನೇ ತೆಗೆದುಕೊಳ್ಳಿ. ಡಿಸ್ಕೊಂದಕ್ಕೆ ಐದು ಹತ್ತು ರೂಪಾಯಿಯ ವ್ಯತ್ಯಾಸವಷ್ಟೇ. ಕಟಿಂಗ್ ವೀಲಿನ ಪಕ್ಕದಿಂದ ಉಜ್ಜಬಾರದು, ಅಡ್ಡ ಒತ್ತಡಕ್ಕೆ ಅದು ಮುರಿಯುತ್ತದೆ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಈ ಯಂತ್ರಕ್ಕೆ ಹಾಕುವ ಅಭ್ಯಾಸ ಊರ ಕಡೆ ಬಹಳ ಇದೆ. ಹಲ್ಲು ಮರದಲ್ಲಿ ಸಿಕ್ಕಿಕೊಂಡ ಕೂಡಲೇ ಯಂತ್ರ ಕೈಯಿಂದ ಕಿತ್ತುಕೊಂಡು ಮೈಮೇಲೆ ಬರುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ.

ನಯ ಮಾಡುವ ಯಂತ್ರವಾದ ಸ್ಯಾಂಡರ್ ಎಲ್ಲಿ ಎಂದು ನೀವು ಕೇಳಬಹುದು. ಆ ಆರು ಫ್ಲಾಪ್ ಡಿಸ್ಕುಗಳೇ ನಿಮ್ಮ ಮೊದಲ ಸ್ಯಾಂಡರ್. ಎಮರಿ ಬಟ್ಟೆಯ ಎಲೆಗಳನ್ನು ಹೂವಿನ ದಳದಂತೆ ಒಂದರ ಮೇಲೊಂದು ಅಂಟಿಸಿರುತ್ತಾರೆ. ಮೇಲಿನದು ಸವೆದಂತೆ ಕೆಳಗಿನ ಹೊಸದು ಹೊರಬರುತ್ತದೆ. 40ನೇ ನಂಬರಿನದು ತುಕ್ಕು ಮತ್ತು ಬೆಸುಗೆ ಗಂಟಿಗೆ, 60 ಅಥವಾ 80 ಸಾಮಾನ್ಯ ಕೆಲಸಕ್ಕೆ, 120 ಬಣ್ಣಕ್ಕೆ ಮುಂಚೆ. ನಾನು ಪ್ರತಿಯೊಂದರಲ್ಲೂ ಎರಡೆರಡು ತಂದೆ. ಜಿರ್ಕೋನಿಯಾ ಎಂದು ಬರೆದದ್ದು ಸ್ವಲ್ಪ ದುಬಾರಿಯಾದರೂ ಕಬ್ಬಿಣದ ಮೇಲೆ ಕಂದು ಬಣ್ಣದ ಸಾಧಾರಣದ್ದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಕೈಯಲ್ಲಿ ಹಿಡಿಯುವ ಚೌಕ ಸ್ಯಾಂಡರ್ ಮರಗೆಲಸಕ್ಕೆ ಹೇಳಿ ಮಾಡಿಸಿದ್ದು. ಕಬ್ಬಿಣವನ್ನು ಅದು ತಿನ್ನುವುದಿಲ್ಲ, ಹಳೆಯ ಗೇಟಿನ ಬಣ್ಣವನ್ನು ಮಂಕು ಮಾಡಿ ಹೊಸ ಕೋಟಿಗೆ ಸಿದ್ಧಪಡಿಸಲಷ್ಟೇ ಸರಿ. ಆ ಕೆಲಸವನ್ನು ಎಮರಿ ಕಾಗದವನ್ನು ಮರದ ತುಂಡಿಗೆ ಸುತ್ತಿಕೊಂಡು ಕೈಯಲ್ಲೇ ಮಾಡಿದೆ. ಗೇಟಿನ ಒಳಮೂಲೆಗಳಿಗೆ ಯಾವ ಯಂತ್ರವೂ ಹೋಗುವುದಿಲ್ಲ, ಅಲ್ಲಿಗೆ ಕೈಯಿಂದ ಉಜ್ಜುವ ಅರವೇ (ಫೈಲ್) ಬೇಕು. ಚಪ್ಪಟೆ ಅರ ಒಂದು, ಅರ್ಧಗೋಲ ಅರ ಒಂದು ಮನೆಯಲ್ಲಿರಲಿ.

ಎರಡನೆಯ ದೊಡ್ಡ ಖರೀದಿ ಬೆಂಚ್ ಗ್ರೈಂಡರ್, ಮೇಜಿಗೆ ಬಿಗಿದಿಡುವ, ಎರಡು ಬದಿಗೂ ಕಲ್ಲು ತಿರುಗುವ ಯಂತ್ರ. ಮೆಟ್ಟುಗತ್ತಿಗೆ ಅದು ಬೇಕಾಯಿತು. ಹೊಸದು ಮೂರೂವರೆ ಸಾವಿರದ ಹತ್ತಿರ ಹೇಳಿದರು, ನಾನು ಭದ್ರಾವತಿಗೆ ಹೋದೆ. 1918ರಲ್ಲಿ ಅಡಿಪಾಯ ಬಿದ್ದು 1923ರಲ್ಲಿ ಕುಲುಮೆ ಹೊತ್ತಿಕೊಂಡ ಕಾರ್ಖಾನೆಯ ಊರು ಅದು. ಮೊದಲ ದಶಕಗಳಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ನಮ್ಮ ಮಲೆನಾಡಿನ ಕಾಡಿನ ಇದ್ದಿಲಿನಲ್ಲಿಯೇ ಕರಗಿಸಿದ್ದರು. ನೂರು ವರ್ಷ ಕಬ್ಬಿಣದ ಜೊತೆ ಬದುಕಿದ ಊರಿನಲ್ಲಿ ಹಳೆಯ ಉಪಕರಣಗಳನ್ನು ಬಲ್ಲವರಿದ್ದಾರೆ. ಲೇತ್ ಅಂಗಡಿ ಮುಚ್ಚುತ್ತಿದ್ದ ಹಿರಿಯರೊಬ್ಬರಿಂದ ಆರು ಇಂಚಿನ ಬೆಂಚ್ ಗ್ರೈಂಡರ್ 1,300ಕ್ಕೆ ಸಿಕ್ಕಿತು. ಬೀಡುಕಬ್ಬಿಣದ ಮೈ, ಒಬ್ಬರೇ ಎತ್ತುವುದು ಕಷ್ಟ. ಆ ತೂಕವೇ ಅದರ ಗುಣ, ನಡುಗುವುದಿಲ್ಲ.

ಹಳೆಯದನ್ನು ಕೊಳ್ಳುವಾಗ ಮೊದಲು ಹೆಸರಿನ ತಗಡನ್ನು ಓದಿ. ಕಾರ್ಖಾನೆಗಳಿಂದ ಬಂದ ಯಂತ್ರಗಳು ಎಷ್ಟೋ ಸಲ ಮೂರು ಫೇಸಿನವು, 415 ವೋಲ್ಟಿನವು. ಮನೆಗೆ ಒಂದು ಫೇಸ್, 230 ವೋಲ್ಟ್ ಬೇಕು. ಪಂಪ್‌ಸೆಟ್ಟಿಗೆ ಕೊಟ್ಟ ಮೂರು ಫೇಸ್ ಸಂಪರ್ಕ ನೀರಾವರಿಗೆ ಮಾತ್ರ, ಅದಕ್ಕೆ ಇದನ್ನು ಜೋಡಿಸುವಂತಿಲ್ಲ. ಆಮೇಲೆ ಅಕ್ಷವನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಡಿದರೆ ಬೇರಿಂಗ್ ಹೋಗಿದೆ, ಅದು ಬೆಲೆ ಇಳಿಸಲು ಕಾರಣ, ಬಿಡಲು ಕಾರಣವಲ್ಲ. ಸುಟ್ಟ ವಾಸನೆ ಬಂದರೆ ವೈಂಡಿಂಗ್ ಹೋಗಿದೆ, ಅದನ್ನು ಬಿಟ್ಟುಬಿಡಿ. ಕಲ್ಲುಗಳನ್ನು ಬಿಚ್ಚಿ ಒಂದೊಂದನ್ನೂ ಬೆರಳಿಗೆ ನೇತುಹಾಕಿಕೊಂಡು ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಅದೇ ಪರೀಕ್ಷೆ. ಖಣ್ ಎಂದರೆ ಗಟ್ಟಿ. ದಪ್ ಎಂದರೆ ಒಳಗೆ ಬಿರುಕಿದೆ, ಕಣ್ಣಿಗೆ ಕಾಣದಿದ್ದರೂ. ನನ್ನದರಲ್ಲಿ ಒಂದು ಕಲ್ಲು ದಪ್ ಎಂದಿತು. ಎರಡನ್ನೂ ಎಸೆದು ಹೊಸದು ಹಾಕಿದೆ. ಎಡಗಡೆಯ ನಟ್ಟಿನ ಸುತ್ತು ಉಲ್ಟಾ, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಇದು ತಿಳಿಯದೆ ಬಲ ಹಾಕಿ ಅಕ್ಷ ಹಾಳು ಮಾಡಿಕೊಂಡವರಿದ್ದಾರೆ. ಕತ್ತಿ ಊರುವ ಆಸರೆಗೂ ಕಲ್ಲಿಗೂ ನಡುವೆ ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದು ಬಿಡಬೇಡಿ, ಕಲ್ಲು ಸವೆದಂತೆ ಆಸರೆಯನ್ನು ಮುಂದಕ್ಕೆ ತನ್ನಿ. ಸ್ವಿಚ್ ಹಾಕಿದ ಮೊದಲ ಒಂದು ನಿಮಿಷ ಕಲ್ಲಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಅಲ್ಯೂಮಿನಿಯಂ ದೋಟಿಯ ತುದಿಯನ್ನು ಈ ಕಲ್ಲಿಗೆ ಹಿಡಿಯಬೇಡಿ. ಮೆತ್ತಗಿನ ಲೋಹ ಕಲ್ಲಿನ ರಂಧ್ರಗಳಿಗೆ ತುಂಬಿಕೊಂಡು ಕಲ್ಲು ಕಾದು ಒಡೆಯಬಹುದು.

ಸಾಣೆ ಹಿಡಿಯುವಾಗ ಕಾಪಾಡಬೇಕಾದದ್ದು ಒಂದೇ: ಹದ, ಅಂದರೆ ಉಕ್ಕಿನ ಗಡಸುತನ. ಆಚಾರರು ಕತ್ತಿ ಕಾಸಿ ನೀರಿಗೆ ಅದ್ದಿ ಕೊಟ್ಟ ಹದ ಬಾಯಿಯ ತೆಳು ಅಂಚಿನಲ್ಲಿರುತ್ತದೆ. ಕಲ್ಲಿಗೆ ಒತ್ತಿ ಹಿಡಿದರೆ ಆ ಅಂಚು ಕ್ಷಣದಲ್ಲಿ ಕಾಯುತ್ತದೆ. 220 ಡಿಗ್ರಿಯ ಹತ್ತಿರ ಒಣಹುಲ್ಲಿನ ಬಣ್ಣ, ಆಮೇಲೆ ನೇರಳೆ, 300ರ ಹತ್ತಿರ ನೀಲಿ. ನೀಲಿ ಕಂಡಿತೆಂದರೆ ಅಷ್ಟು ಭಾಗದ ಹದ ಹೋಯಿತು, ಆ ಕತ್ತಿ ನಾಲ್ಕು ಗೊನೆ ಸುಲಿಯುವುದರೊಳಗೆ ಮೊಂಡಾಗುತ್ತದೆ. ಆಚಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಟ್ಟಿದ್ದ ಒಂದು ಮೆಟ್ಟುಗತ್ತಿಯನ್ನು ನಾನು ಹೀಗೆ ನೀಲಿ ಮಾಡಿ ಕಳೆದುಕೊಂಡೆ. ಅಂಥದನ್ನು ಮತ್ತೆ ಮಾಡಿಕೊಡುವ ಕೈ ನಮ್ಮೂರಿನಲ್ಲಿಲ್ಲ. ಈಗ ಪಕ್ಕದಲ್ಲಿ ಬಕೆಟ್ಟು ನೀರಿಟ್ಟು, ಬರಿಗೈಯಲ್ಲಿ ಹಿಡಿದು, ಎರಡು ಸೆಕೆಂಡು ಕಲ್ಲಿಗೆ, ಕೂಡಲೇ ನೀರಿಗೆ. ಬೆರಳಿಗೆ ಬಿಸಿ ಎನಿಸುವ ಮುಂಚೆ ಅದ್ದಬೇಕು. ಬೆಂಚ್ ಗ್ರೈಂಡರಿನಲ್ಲಿ ಕೈಗವಸು ಹೇಗೂ ಹಾಕಬಾರದು, ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕಲ್ಲಿನಲ್ಲಿ ಆಕಾರ ಬಂದ ಮೇಲೆ ಕೊನೆಯ ಹರಿತವನ್ನು ನೀರು ಹಾಕಿ ಸಾಣೆಕಲ್ಲಿನ ಮೇಲೆ ಕೈಯಲ್ಲೇ ಕೊಡಿ.

ವಿದ್ಯುತ್ತಿನ ವಿಷಯ ಚಿಕ್ಕದು. ಮುನ್ನೂರು ರೂಪಾಯಿಯ ಮಲ್ಟಿಮೀಟರಿನಲ್ಲಿ ಅಳೆದರೆ ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ 180 ವೋಲ್ಟ್, ಬೆಳಿಗ್ಗೆ ಹತ್ತಕ್ಕೆ 220. ವೋಲ್ಟೇಜು ಇಳಿದಾಗ ಹ್ಯಾಂಡ್ ಗ್ರೈಂಡರ್ ನಿಧಾನವಾಗುತ್ತದೆ, ನಾವು ಹೆಚ್ಚು ಒತ್ತುತ್ತೇವೆ, ಅದು ಕಾಯುತ್ತದೆ. ಬೆಂಚ್ ಗ್ರೈಂಡರಿನ ಮೋಟಾರ್ ಹೆಚ್ಚು ಕರೆಂಟು ಎಳೆದು ಸುಡುತ್ತದೆ. ಆದ್ದರಿಂದ ಭಾನುವಾರ ಬೆಳಿಗ್ಗೆಯೇ ಕೆಲಸ. ವೈರ್ 1.5 ಚದರ ಮಿಲಿಮೀಟರಿನ ಮೂರು ಎಳೆಯ ತಾಮ್ರದ್ದು, ಬೆಂಚ್ ಗ್ರೈಂಡರಿಗೆ ಭೂಸಂಪರ್ಕ ಕಡ್ಡಾಯ. ಒದ್ದೆ ನೆಲದ ನಮ್ಮ ಊರಿಗೆ ಕರೆಂಟು ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದು ನನ್ನ ದೃಷ್ಟಿಯಲ್ಲಿ ಗ್ರೈಂಡರಿಗಿಂತ ಮೊದಲು ಮಾಡಬೇಕಾದ ಖರ್ಚು.

ಪಕ್ಕದಿಂದಲೂ ಮುಚ್ಚುವ ಕನ್ನಡಕ, ಅದರ ಮೇಲೆ ಮುಖಕ್ಕೆ ಪಾರದರ್ಶಕ ಗುರಾಣಿ. ಸೆರಗು, ದುಪಟ್ಟಾ, ಪಂಚೆ, ಬಿಚ್ಚುಗೂದಲು ಯಾವುದೂ ಬೇಡ. ನಾನು ಯಜಮಾನರ ಹಳೆಯ ಜೀನ್ಸ್ ಪ್ಯಾಂಟು, ದಪ್ಪ ಹತ್ತಿಯ ಅಂಗಿ ಹಾಕುತ್ತೇನೆ. ಜಿ.ಐ. ಪೈಪಿನ ಸತುವಿನ ಲೇಪವನ್ನು ಉಜ್ಜುವಾಗ, ಹಳೆಯ ಬಣ್ಣ ಕೆರೆಯುವಾಗ ಮಾಸ್ಕ್ ಹಾಕಿ ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಕಾರ್ಬನ್ ಫೈಬರ್ ದೋಟಿ ಮುರಿದರೆ ಅದನ್ನು ಈ ಯಂತ್ರದಲ್ಲಿ ಕತ್ತರಿಸಲು ಹೋಗಬೇಡಿ, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಬೆಂಕಿಯ ಬಗ್ಗೆ ಮಾತ್ರ ಇನ್ನೆರಡು ಮಾತು. ಕಿಡಿಗಳು ಹತ್ತು ಮೀಟರಿನವರೆಗೂ ಹಾರುತ್ತವೆ. ನಮ್ಮ ಮನೆಗಳ ಸುತ್ತ ಇರುವುದು ಹುಲ್ಲಿನ ಬಣವೆ, ಕರಡ, ಒಣಗಿದ ಅಡಿಕೆ ಸಿಪ್ಪೆಯ ರಾಶಿ, ಕಳೆ ಕೊಚ್ಚುವ ಯಂತ್ರದ ಪೆಟ್ರೋಲ್ ಕ್ಯಾನು. ಅಡಿಕೆ ಸಿಪ್ಪೆ ಉರಿಯಿಲ್ಲದೆ ಒಳಗೊಳಗೇ ಕನಲುತ್ತದೆ, ಹೊಗೆ ಕಾಣುವುದೇ ಒಂದು ಗಂಟೆಯ ಮೇಲೆ. ಅಂಗಳವನ್ನು ಗುಡಿಸಿ, ನೀರು ಚಿಮುಕಿಸಿ, ಕಿಡಿ ಹೋಗುವ ದಿಕ್ಕಿಗೆ ಹಳೆಯ ತಗಡೊಂದನ್ನು ನಿಲ್ಲಿಸಿ ಕೆಲಸ ಶುರು ಮಾಡಿ. ಕೆಲಸ ಮುಗಿದ ಒಂದು ಗಂಟೆಯ ಮೇಲೆ ಇನ್ನೊಂದು ಸಲ ಬಂದು ನೋಡಿ. ಬೈಕು, ಕಾರುಗಳನ್ನು ದೂರ ನಿಲ್ಲಿಸಿ. ಕಿಡಿ ಗಾಜಿಗೆ ಕಚ್ಚಿ ಕೂತರೆ ಬಿಡುವುದಿಲ್ಲ.

ಆಯುಧ ಪೂಜೆಯ ಹಿಂದಿನ ದಿನ ಎರಡೂ ಯಂತ್ರಗಳ ಧೂಳು ಊದಿ, ಹ್ಯಾಂಡ್ ಗ್ರೈಂಡರಿನ ಕಾರ್ಬನ್ ಬಿಚ್ಚಿ ಅಳೆಯುತ್ತೇನೆ. ಐದಾರು ಮಿಲಿಮೀಟರಿಗೆ ಸವೆದಿದ್ದರೆ ಬದಲಾಯಿಸುತ್ತೇನೆ. ಹೀಗೆ ಇದುವರೆಗೆ ಒಂದೇ ಜೊತೆ ಬದಲಾಗಿದೆ.

ಎಮರಿ ಬಟ್ಟೆಯ ಪಟ್ಟಿ ಗಾಲಿಗಳ ಮೇಲೆ ಓಡುತ್ತಾ ಉಜ್ಜುವ ಬೆಲ್ಟ್ ಸ್ಯಾಂಡರನ್ನು ನಾನಿನ್ನೂ ಕೊಂಡಿಲ್ಲ, ಒಂದು ವರ್ಷ ಕೆಲಸ ಮಾಡುವವರೆಗೆ ನೀವೂ ಕೊಳ್ಳಬೇಡಿ. ಗ್ರೈಂಡರಿಗೆ ಸಿಕ್ಕಿಸುವ ಸಣ್ಣ ಬೆಲ್ಟಿನ ಜೋಡಣೆ ಸಾವಿರ ಚಿಲ್ಲರೆಗೆ ಸಿಗುತ್ತದೆ, ಆದರೆ ಆ ವೇಗಕ್ಕೆ ಕತ್ತಿಯ ಬಾಯಿ ಕೂಡಲೇ ಕಾಯುತ್ತದೆ. ನಿಜವಾಗಿ ಬೇಕಾದದ್ದು ಎರಡು ಇಂಚು ಅಗಲ, 72 ಇಂಚು ಸುತ್ತಳತೆಯ ಬೆಲ್ಟಿನ ನಿಲುವು ಯಂತ್ರ. ಹೊಸದು ನನ್ನ ಕೈಗೆ ಎಟುಕುವುದಿಲ್ಲ, ಅದನ್ನು ಮಾಡಿಕೊಳ್ಳಬೇಕು. ಹಳೆಯ ಅಡಿಕೆ ಸುಲಿಯುವ ಯಂತ್ರದಿಂದ ತೆಗೆದ ಒಂದು ಎಚ್‌ಪಿ, ಒಂದು ಫೇಸಿನ, 1,440 ಸುತ್ತಿನ ಮೋಟಾರ್ ನಮ್ಮಲ್ಲಿದೆ. ಅದಕ್ಕೆ ನೂರು ಮಿಲಿಮೀಟರಿನ ಗಾಲಿ ನೇರವಾಗಿ ಹಾಕಿದರೆ ಬೆಲ್ಟು ಸೆಕೆಂಡಿಗೆ ಏಳೂವರೆ ಮೀಟರ್ ಓಡುತ್ತದೆ, ಹದ ಉಳಿಯಬೇಕಾದ ಕತ್ತಿಗೆ ಆ ನಿಧಾನವೇ ಒಳ್ಳೆಯದು. ಚೌಕಟ್ಟಿಗೆ ಬೇಕಾದ ಚೌಕ ಪೈಪುಗಳನ್ನು ಅಳತೆಗೆ ಕತ್ತರಿಸಿ, ಅಂಚು ಸವರಿ, ತುಕ್ಕು ಹಿಡಿಯದಂತೆ ಎಣ್ಣೆ ಒರೆಸಿ ಅಟ್ಟದ ಮೇಲಿಟ್ಟಿದ್ದೇನೆ. ಸುಲಿಗೆ ಮುಗಿದು, ಅಡಿಕೆ ಒಣಗಿ ಚೀಲಕ್ಕೆ ಬಿದ್ದ ಮೇಲೆ ವೆಲ್ಡಿಂಗ್ ಅಂಗಡಿಗೆ ಹೊರುತ್ತೇನೆ.